ಜಡೆಪ್ಪಜ್ಜನ ಖಾಲಿ ಹೊಟ್ಟೆ

ಬೆಳಗಿನ ಆರು ಗಂಟೆ. ಕಮಲಾಪುರದ ಓಣಿಯಲ್ಲಿ ಐಸ್ ಡಬ್ಬಿ ಕೆಳಗಿಟ್ಟ ಸುಮಲತಾ ಒಂದೇ ಪ್ರಶ್ನೆ ಕೇಳುತ್ತಾರೆ.

"ಅಜ್ಜಾ, ಚಾ ಕುಡಿದಿಲ್ಲ ಹೌದಿಲ್ಲೋ?"

"ಇಲ್ಲವ್ವಾ," ಎನ್ನುತ್ತಾರೆ ಜಡೆಪ್ಪ. ನಿನ್ನೆಯೂ ಇಲ್ಲವೆಂದೇ ಅಂದಿದ್ದರು. ಆಗ ಮೀಸೆಯಲ್ಲಿ ಮಾತ್ರ ಹಾಲಿನ ಕೆನೆ ಅಂಟಿತ್ತು.

ಗಾದಿಗನೂರಿನ ಸುಮಲತಾ ಹೊಸಪೇಟೆಯ ಪ್ರಯೋಗಾಲಯವೊಂದಕ್ಕೆ ಹಳ್ಳಿಗಳಿಂದ ರಕ್ತ ತಂದುಕೊಡುತ್ತಾರೆ. ಸಕ್ಕರೆ ಕಾಯಿಲೆಯ ಹಿರಿಯರಲ್ಲಿ ಮರೆವು ಏಕೆ ಹೆಚ್ಚುತ್ತದೆ ಎಂಬ ಅಧ್ಯಯನವದು. ನಾವು ಉಸಿರಾಡುವ ಆಮ್ಲಜನಕವೇ ವಯಸ್ಸಾದಂತೆ ಒಳಗೊಳಗೆ ನಮ್ಮನ್ನು ಸವೆಸುತ್ತದಂತೆ. ಅದರ ಗುರುತುಗಳು ರಕ್ತದಲ್ಲಿ ಸಿಗುತ್ತವಂತೆ.

"ಅದಿರಿನ ಲಾರಿಗೆ ತುಕ್ಕು ಹಿಡೀತೈತಲ್ರಿ, ಹಂಗ. ಎಷ್ಟು ಹಿಡದೈತಿ ಅಂತ ನೋಡ್ತಾರ," ಎನ್ನುತ್ತಾರೆ ಸುಮಲತಾ.

ಅದಕ್ಕೆ ಹೊಟ್ಟೆ ಖಾಲಿ ಇರಬೇಕು. ತಲೆನೋವು ಶುರುವಾಗುವುದೇ ಅಲ್ಲಿ. "ಇವ್ರಿಗೆ ಚಾ ಅಂದ್ರ ಊಟದ ಲೆಕ್ಕದಾಗ ಇಲ್ರಿ. ನೀರಂತ. ಎರಡು ಚಮಚ ಸಕ್ರಿ ಹಾಕಿದ ನೀರು. ಹೇಳಿ ಹೇಳಿ ನನ್ನ ಗಂಟ್ಲು ಹರೀತು."

ಜಡೆಪ್ಪನವರನ್ನು ಬೈಯುವಂತೆಯೂ ಇಲ್ಲ. ಕುಡಿದದ್ದೇ ಅವರಿಗೆ ನೆನಪಿರುವುದಿಲ್ಲ. ಅವರು ಹೋದ ವರ್ಷ ಕೊಟ್ಟ ರಕ್ತವನ್ನು ಈ ವರ್ಷದ್ದರ ಜೊತೆ ಹೋಲಿಸಬೇಕು. ಇಂದೇ ಕೊನೆಯ ದಿನ. ತಪ್ಪಿದರೆ ಅಜ್ಜ ಅಧ್ಯಯನದಿಂದ ಹೊರಗೆ, ಹೋದ ವರ್ಷ ಚುಚ್ಚಿಸಿಕೊಂಡದ್ದೂ ದಂಡ.

ಹೆಂಡತಿ ಮುದುಕಮ್ಮ ಇಂದು ಒಲೆಯನ್ನೇ ಹಚ್ಚಿಲ್ಲ. "ಹಚ್ಚಿದ್ರ ಮುಂದ ಬಂದು ಕುಂದ್ರತಾರ. ಚಾಪುಡಿ ಡಬ್ಬಿ ಹಾಸಿಗ್ಯಾಗ ಮುಚ್ಚಿಟ್ಟೀನಿ."

ಆದರೆ ಈ ಓಣಿಯಲ್ಲಿ ಒಲೆ ಹೊತ್ತದ ಮನೆ ಎಂದರೆ ಏನೋ ಕೆಟ್ಟದ್ದಾಗಿದೆ ಎಂದೇ ಲೆಕ್ಕ. ಹೊಗೆ ಕಾಣದೆ ಗಾಬರಿಯಾದ ನೆರೆಮನೆಯ ರೇಣುಕಮ್ಮ ಲೋಟದ ತುಂಬ ಚಹಾ ಹಿಡಿದು ಬಂದೇ ಬಿಡುತ್ತಾರೆ. ಅಜ್ಜ ಕೈ ಚಾಚುತ್ತಾರೆ.

ಸುಮಲತಾ ನಡುವೆಯೇ ಲೋಟ ಕಿತ್ತುಕೊಂಡು ತಾವೇ ಕುಡಿಯುತ್ತಾರೆ, ಬಾಯಿ ಸುಟ್ಟರೂ ಬಿಡದೆ.

"ಏನ್ ಹುಡುಗ್ಯವ್ವಾ ಇದು, ಮುದುಕಂದು ಕಸ್ಕೊಂಡು ಕುಡೀತು," ರೇಣುಕಮ್ಮ ಮೂಗಿನ ಮೇಲೆ ಬೆರಳಿಡುತ್ತಾರೆ.

"ಅಕ್ಕಾರ, ನಿಮ್ಮ ಪ್ರೀತಿಗೆ ಕೈ ಮುಗೀತೀನಿ. ಸ್ವಲ್ಪ ತಡದು ಇನ್ನೊಂದು ಲೋಟ ತರ್ರಿ."

ಸೂಜಿ ಒಂದೇ ಸಲಕ್ಕೆ ನರ ಹಿಡಿಯುತ್ತದೆ. ಬೆಳಕು ತಾಗದಂತೆ ಬೆಳ್ಳಿ ಕಾಗದ ಸುತ್ತಿಕೊಂಡ ರಕ್ತದ ನಳಿಕೆ ಐಸಿನೊಳಗೆ ಇಳಿಯುತ್ತದೆ. ಅಜ್ಜನಿಗೂ ಕೊನೆಗೆ ಚಹಾ ಬರುತ್ತದೆ.

"ನೀನೂ ಒಂದೀಟು ಕುಡಿಯವ್ವಾ," ಎನ್ನುತ್ತಾರೆ ಜಡೆಪ್ಪ. "ಬಂದಾಗಿಂದ ಏನೂ ತಗೊಂಡಿಲ್ಲ."

ಸುಮಲತಾ ಡಬ್ಬಿ ಎತ್ತಿಕೊಳ್ಳುತ್ತಾರೆ. ಓಣಿಗಿಳಿದ ಮೇಲೆ ಹೇಳುತ್ತಾರೆ.

"ರಕ್ತದಾಗ ಏನ್ ಬಂತು ಅಂತ ನನಗೂ ಯಾರೂ ಹೇಳಂಗಿಲ್ರಿ. ಲ್ಯಾಬಿನ ದೊಡ್ಡೋರು ಒಮ್ಮೆ ಇಲ್ಲಿಗೆ ಬಂದು, ಕಟ್ಟಿ ಮ್ಯಾಲೆ ಕುಂತು, ಕನ್ನಡದಾಗ ಹೇಳಿ ಹೋಗ್ಲಿ. ಅಜ್ಜಗ ಕೇಳಿದ್ದು ಇನ್ನೂ ತಿಳಿಯುವಾಗ್ಲೇ ಬರ್ಲಿ, ಅಷ್ಟ."