ಬರೆ ಬೀಳದ ಮೋತ್ಯಾ

ನಮ್ಮ ದೊಡ್ಡಪ್ಪ ಒಂದೇ ಉಸಿರಿನಲ್ಲಿ ಎರಡು ಸಂಗತಿಗಳನ್ನು ಆಗದ ಮಾತೆಂದು ತೀರ್ಮಾನಿಸಿಬಿಟ್ಟಿದ್ದರು. "ಈ ನಾಯಿ ಏಳೂದಿಲ್ಲ. ಈ ಹುಡುಗ ಡಿಗ್ರಿ ತರೂದಿಲ್ಲ. ಎರಡೂ ಬರದಿಟ್ಕೋರಿ." ಬರೆದಿಟ್ಟುಕೊಳ್ಳಲು ಆಗ ನಮ್ಮ ಮನೆಯಲ್ಲಿ ಅಕ್ಷರ ಬರುತ್ತಿದ್ದುದು ಆ ಹುಡುಗನಿಗೆ, ಅಂದರೆ ನನಗೊಬ್ಬನಿಗೇ. ನಾನು ಬರೆದುಕೊಳ್ಳಲಿಲ್ಲ.

ಮೊನ್ನೆ ಸಂತೆಯ ದಾರಿಯಲ್ಲಿ ಕಮ್ಮಾರನೊಬ್ಬ ಕೆಂಪಗೆ ಕಾದ ಕುಡುಗೋಲನ್ನು ನೀರಿಗಿಳಿಸಿದ. ಚುಂಯ್ ಎಂದು ಹೊಗೆ ಎದ್ದು ಮುಖಕ್ಕೆ ಬಡಿಯಿತು. ಕಾದ ಕಬ್ಬಿಣದ ವಾಸನೆ ನಿಮಗೆ ಗೊತ್ತಿರಬಹುದು. ಅದು ಮೂಗಿಗಿಂತ ಮೊದಲು ನಾಲಿಗೆಗೆ ತಾಗುತ್ತದೆ. ಕೈಯಲ್ಲಿದ್ದ ಬದನೆಕಾಯಿಯ ಚೀಲವನ್ನು ಮರೆತು ನಾನು ಅಲ್ಲೇ ನಿಂತೆ. ನಿಂತದ್ದು ಸಂತೆಯಲ್ಲಿ, ಇದ್ದದ್ದು ಸವಡಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ, ಐವತ್ತರ ದಶಕದ ಒಂದು ಬೇಸಿಗೆಯಲ್ಲಿ.

ಆ ಮನೆಗೆ ಮೇಲೆ ಓಡಾಡಬಹುದಾದ ಮಟ್ಟಸ ಮಣ್ಣಿನ ಮಾಳಿಗೆ. ಮಾಳಿಗೆಯ ನಡುವೆ ಒಂದು ಬೆಳಕಿಂಡಿ. ಅದರೊಳಗಿಂದ ಬಿದ್ದ ಬಿಸಿಲು ಮುಂಜಾನೆ ಗೋಡೆಯ ಮೇಲಿರುತ್ತಿತ್ತು, ಮಧ್ಯಾಹ್ನ ನೆಲಕ್ಕಿಳಿಯುತ್ತಿತ್ತು, ಸಂಜೆ ಜೋಳ ತುಂಬಿಡುವ ನೆಲದ ಹಗೇವಿನ ಬಾಯಿಯ ಹತ್ತಿರ ಹೋಗಿ ಕರಗುತ್ತಿತ್ತು. ನಾನು ಧಾರವಾಡದ ಕಾಲೇಜಿನಿಂದ ರಜೆಗೆ ಬಂದಿದ್ದೆ. ಪುಕ್ಕಟೆ ಬೋರ್ಡಿಂಗಿನ ಊಟ, ಬೇರೆಯವರು ಓದಿ ಬಿಟ್ಟ ಪುಸ್ತಕ, ರಸಾಯನಶಾಸ್ತ್ರ. ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ದೊಡ್ಡಪ್ಪನದು. ಆದರೆ ದೊಡ್ಡಪ್ಪನ ಮೇಲೆ ಯಜಮಾನಿಕೆ ಅವರ ತಾಯಿಯದು, ನಮ್ಮ ಆಯಿಯದು.

ಮೋತ್ಯಾ ಆಯಿಯ ನಾಯಿ. ಬೇಟೆಯದಲ್ಲ, ಕುರಿ ಕಾಯುವುದಲ್ಲ. ಆಯಿ ಕುಳಿತಲ್ಲಿ ಕೂರುವುದೇ ಅದರ ಉದ್ಯೋಗ. ನಮ್ಮ ಓಣಿಯ ಮಾಳಿಗೆಗಳೆಲ್ಲ ಒಂದಕ್ಕೊಂದು ಹತ್ತಿಕೊಂಡಿದ್ದವು. ಒಂದು ದಿನ ಬೆಕ್ಕಿನ ಬೆನ್ನು ಹತ್ತಿ ಓಡಿದ ಮೋತ್ಯಾ ಮಾಳಿಗೆ ಮುಗಿದದ್ದನ್ನು ಗಮನಿಸಲಿಲ್ಲ. ಬಿದ್ದ ಮೇಲೆ ಅದರ ಮುಂದಿನ ಅರ್ಧ ಮಾತ್ರ ಮೋತ್ಯಾ ಆಗಿ ಉಳಿಯಿತು. ಹಿಂದಿನ ಅರ್ಧ ಯಾರೋ ಬಿಟ್ಟುಹೋದ ಚೀಲದಂತೆ ಎಳೆದುಕೊಂಡು ಬರುತ್ತಿತ್ತು.

ಹಲಗೆಯ ಮೇಲೆ ಮಲಗಿಸಿ, ಚಕ್ಕಡಿಯಲ್ಲಿ ರೋಣದ ದನದ ದವಾಖಾನೆಗೆ ಒಯ್ದೆವು. ಡಾಕ್ಟರರು ಬೆನ್ನು ಮುಟ್ಟಿ ನೋಡಿ, "ಎಲುಬು ಮುರದಿಲ್ಲ, ಪೆಟ್ಟು ಒಳಗ ಬಿದ್ದದ. ಅಲಗಾಡಸಬ್ಯಾಡ್ರಿ. ಮೆತ್ತಗ ಹಾಸಿ ಮಲಗಸ್ರಿ, ಮಗ್ಗಲ ಬದಲಸ್ಕೋತ ಇರ್ರಿ," ಎಂದರು.

"ಮತ್ತ ಔಷಧ?" ಎಂದಳು ಆಯಿ.

"ಇದ ಔಷಧರೀ, ಅಮ್ಮಾರ."

ಆಯಿ ದಾರಿಯುದ್ದಕ್ಕೂ ಗೊಣಗಿದಳು. "ಸುಮ್ನ ಮಲಗೂದು ಔಷಧಂತ! ಹಂಗಿದ್ರ ನಿಮ್ಮ ದೊಡ್ಡಪ್ಪನಂಥಾ ಗಟ್ಟಿ ಮನಶ್ಯಾ ಈ ತಾಲೂಕಿನಾಗ ಯಾರೂ ಇರಬಾರದು."

ಆಮೇಲೆ ಔಷಧಗಳು ಬರತೊಡಗಿದವು. ನಮ್ಮ ಕಡೆ ಯಾರಾದರೂ ಕೊಟ್ಟ ಬುತ್ತಿಯನ್ನು ಹೇಗೆ ಬೇಡವೆನ್ನಬಾರದೋ, ಔಷಧವನ್ನೂ ಹಾಗೆಯೇ. ಬೇಡವೆಂದರೆ ನಿಮ್ಮ ನಾಯಿ ನಮಗೇನು ಎಂದು ಮಾತೇ ಬಿಟ್ಟಾರು. ಮಠದಿಂದ ಅಂಗಾರ, ಅಂದರೆ ಮಂತ್ರಿಸಿದ ಬೂದಿ, ಬಂತು. ಮಗ್ಗಲು ಮನೆಯಿಂದ ಬಳ್ಳೊಳ್ಳಿ ಹಾಕಿ ಕುದಿಸಿದ ಎಳ್ಳೆಣ್ಣೆ ಬಂತು. ನರಗುಂದದಿಂದ ಸೋದರಮಾವ ಸಣ್ಣ ಸಣ್ಣ ಶೀಶೆಗಳ ಪೆಟ್ಟಿಗೆ ಹಿಡಿದು ತಾನೇ ಬಂದ. ಹೋಮಿಯೋಪತಿಯ ಸಿಹಿ ಗುಳಿಗೆಗಳ ಹುಚ್ಚು ಹಿಡಿಸಿಕೊಂಡಿದ್ದವನು. ಮೋತ್ಯಾ ಆ ಗುಳಿಗೆಗಳನ್ನು ಚಪ್ಪರಿಸಿ ತಿಂದು ಇನ್ನಷ್ಟು ಬೇಕೆಂಬಂತೆ ಮಾವನ ಮುಖ ನೋಡಿತು. "ನೋಡು, ಕಣ್ಣಾಗ ಕಳಿ ಬಂತು!" ಎಂದ ಮಾವ.

ನನಗೆ ಆಗಷ್ಟೇ ಹತ್ತಿದ ಶಾಸ್ತ್ರ ಸುಮ್ಮನಿರಗೊಡಲಿಲ್ಲ. "ಎಲ್ಲಾ ಕೂಡಿ ಕೊಟ್ರ ಯಾವುದು ಹತ್ತಿತು ಅಂತ ಹ್ಯಾಂಗ ತಿಳೀತೈತಿ? ಒಂದೊಂದ ಕೊಟ್ಟು ನೋಡೂಣು," ಎಂದೆ.

"ನಿನ್ನ ಪರೀಕ್ಷೆ ಮುಗಿಯೂತನಕ ನಾಯಿ ಇರಬೇಕಲ್ಲಪಾ," ಎಂದ ಮಾವ.

ಅವನ ಮಾತೂ ಸುಳ್ಳಲ್ಲ. ನಾನು ಯೋಚಿಸಿ ನನ್ನ ಪಟ್ಟು ಬದಲಿಸಿದೆ. ಯಾವುದು ಗುಣ ಮಾಡುತ್ತದೆ ಎಂದು ಹೇಳುವಷ್ಟು ಬುದ್ಧಿ ನನಗಿರಲಿಲ್ಲ. ಯಾವುದು ನೋವು ಕೊಡುತ್ತದೆ ಎಂದು ನೋಡಲು ಕಣ್ಣಿದ್ದರೆ ಸಾಕಿತ್ತು. ಅಂಗಾರದಿಂದ ನೋವಿಲ್ಲ, ಹಚ್ಚಲಿ. ಗುಳಿಗೆಯಿಂದ ನೋವಿಲ್ಲ, ತಿನ್ನಲಿ. ಎಣ್ಣೆ ಬೆಚ್ಚಗೆ ಸವರಬಹುದು, ತಿಕ್ಕುವಂತಿಲ್ಲ. ಹೀಗೆ ಬಾಗಿಲಲ್ಲಿ ನಿಂತು ಸುಂಕದವನಂತೆ ಒಂದೊಂದನ್ನೇ ತಡೆದು ಒಳಗೆ ಬಿಡುತ್ತಿದ್ದೆ. ಓಣಿಯ ಹೆಂಗಸರು ನನಗೆ "ನಾಯಿ ಡಾಕ್ಟರ" ಎಂದು ಹೆಸರಿಟ್ಟರು. ಡಿಗ್ರಿಗಿಂತ ಮೊದಲು ಸಿಕ್ಕ ಪದವಿ ಅದು.

ಹಾಸಿಗೆಗೆ ಮಲಪ್ರಭೆಯ ಉಸುಕು. ಕೊಣ್ಣೂರಿನ ಕಡೆಯಿಂದ ಬರುತ್ತಿದ್ದ ಚಕ್ಕಡಿಯವನೊಬ್ಬ ತಂದು ಸುರಿದಿದ್ದ. ಅದರ ಮೇಲೆ ಆಯಿಯ ಹಳೆಯ ಇಲಕಲ್ಲ ಸೀರೆ. ಮಧ್ಯಾಹ್ನ ಮನೆಯೆಲ್ಲ ಮಲಗಿದಾಗ ಬೆಳಕಿಂಡಿಯ ಬಿಸಿಲು ಮೋತ್ಯಾನ ಬೆನ್ನ ಮೇಲೆ ನಿಧಾನ ಹಾಯುತ್ತಿತ್ತು. ಬಿಸಿಲಿನೊಳಗೆ ಜೋಳದ ಧೂಳು ತೇಲುತ್ತಿತ್ತು. ಆಯಿ ಮಗ್ಗಲಲ್ಲೇ ಮಲಗಿ ನಿದ್ದೆಯಲ್ಲೂ ಅದರ ಕಿವಿ ಹಿಡಿದುಕೊಂಡಿರುತ್ತಿದ್ದಳು. ಮೋತ್ಯಾ ಕನಸಿನಲ್ಲಿ ಮುಂಗಾಲುಗಳನ್ನು ಮಾತ್ರ ಆಡಿಸುತ್ತಿತ್ತು. ಕನಸಿನಲ್ಲಾದರೂ ಹಿಂಗಾಲು ಓಡಬಾರದೇ ಎಂದುಕೊಂಡು ನೋಡುತ್ತ ನೋಡುತ್ತ ನನಗೂ ಜೊಂಪು ಹತ್ತುತ್ತಿತ್ತು. ಆ ನಿದ್ದೆಯಲ್ಲಿ ಪರೀಕ್ಷೆ ಇರಲಿಲ್ಲ, ದೊಡ್ಡಪ್ಪ ಇರಲಿಲ್ಲ. ಊರು ಯಾವುದೋ ತಿಳಿನೀರಿನ ತಳದಲ್ಲಿದ್ದಂತೆ ಇತ್ತು.

ಆ ನೀರನ್ನು ಕಲಕಿದ್ದು ಗಜೇಂದ್ರಗಡದಿಂದ ಬಂದ ಬರೆ ಹಾಕುವವನು. ಎತ್ತು, ಆಕಳು, ಕೆಲವೊಮ್ಮೆ ಕೂಸುಗಳಿಗೂ ಕಬ್ಬಿಣ ಕಾಸಿ ಬರೆ ಎಳೆಯುವುದರಲ್ಲಿ ದೊಡ್ಡ ಹೆಸರು. ನಾಯಿ ಏಳುವುದಿಲ್ಲ ಎಂದಿದ್ದ ದೊಡ್ಡಪ್ಪನೇ ತಾಯಿಗಾಗಿ ಹೇಳಿ ಕಳಿಸಿದ್ದರು. ಬಂದವನೇ ಅಂಗಳದಲ್ಲಿ ಕುಳ್ಳು ಒಟ್ಟಿ ಬೆಂಕಿ ಮಾಡಿದ. ಮನೆಯ ಹಿರಿಯರು ಎಲೆ ಅಡಿಕೆ ಕೈಗಿಟ್ಟರೆ ಅಪ್ಪಣೆಯಾದಂತೆ. ಅಲ್ಲಿಯವರೆಗೆ ಅವನು ಕಬ್ಬಿಣ ಮುಟ್ಟುವುದಿಲ್ಲ. ಆಯಿ ಎಲೆ ಅಡಿಕೆ ಹಿಡಿದುಕೊಂಡೇ ನಿಂತಿದ್ದಳು.

"ಆಯಿ, ಬ್ಯಾಡಬೇ. ಡಾಕ್ಟರ್ ಅಲಗಾಡಸಬ್ಯಾಡ ಅಂದಾರ," ಎಂದೆ.

"ನಮ್ಮ ಎತ್ತು ಎಲ್ಲಾ ಬರಿ ಹಾಕಿಸ್ಕೊಂಡ ಗಟ್ಟಿ ಆಗ್ಯಾವು," ಎಂದರು ದೊಡ್ಡಪ್ಪ. "ಇವಾ ಎಲ್ಡ ಪುಸ್ತಕ ಓದಿ ಬಂದಾನಂತ!"

"ಖರೇರಿ ದೊಡ್ಡಪ್ಪ. ಎಲ್ಲಾ ಎತ್ತಿಗೂ ಬರಿ ಐತಿ. ಬರಿ ಇಲ್ಲದ ಎತ್ತು ಈ ಊರಾಗ ಒಂದರ ತೋರಸ್ರಿ."

"ಇಲ್ಲ. ಯಾಕ ಇರಬೇಕು?"

"ಹಂಗಾರ ಬರಿ ಇಲ್ಲದಿದ್ರ ಅವು ಹ್ಯಾಂಗ ಇರತಿದ್ವು ಅಂತ ನಿಮಗ ಯಾರು ಹೇಳಿದ್ರು?"

ಬೆಂಕಿ ಚಟಪಟ ಎಂದಿತು. ಕಬ್ಬಿಣದ ತುದಿ ಕೆಂಪಾಗತೊಡಗಿತ್ತು. ಉಸುಕಿನ ಮೇಲಿಂದ ಮೋತ್ಯಾ ಏನೂ ತಿಳಿಯದೆ ಬಾಲದ ತುದಿಯನ್ನು ಅಲ್ಲಾಡಿಸಿತು. ಅಥವಾ ನನಗೆ ಹಾಗೆ ಕಂಡಿತು.

ಆಯಿ ತನ್ನ ಎಡಗೈಯ ಬೆಳ್ಳಿ ಕಡಗವನ್ನು ಮೇಲೆ ಸರಿಸಿದಳು. ಮಣಿಕಟ್ಟಿನ ಮೇಲೆ ನುಣ್ಣಗೆ ಹೊಳೆಯುವ ಒಂದು ಗೆರೆ. ಇಷ್ಟು ವರ್ಷ ಕಡಗದ ಕೆಳಗೆ ಅದಿತ್ತೆಂದು ನಾವು ಯಾರೂ ನೋಡಿರಲಿಲ್ಲ.

"ಸಣ್ಣಾಕಿದ್ದಾಗ ಕಾಮಾಲಿ ಬಂದಿತ್ತು. ಕಾಸಿದ್ರು. ಕಾಮಾಲಿ ಹೋತು, ಯಾಕ ಹೋತೋ ದೇವರಿಗೆ ಗೊತ್ತು. ಕಾಸುವಾಗ ಅಲಗಾಡದಂಗ ಕೈ ಹಿಡದು ಕುಂತಾಕಿ ನಮ್ಮವ್ವ. ಅದೊಂದ ನೆಪ್ಪ ಹೋಗವಲ್ದು."

ಅವಳು ಬರೆಯವನ ಕಡೆ ತಿರುಗಿದಳು. "ಏಳಪಾ, ಕೈ ತೊಳಕೋ. ದೂರದಿಂದ ಬಂದಿ, ಮದಲ ಊಟಾ ಮಾಡು."

ಜೋಳದ ರೊಟ್ಟಿ, ಎಣಗಾಯಿ, ಗಟ್ಟಿ ಮೊಸರು. ಅವನು ಉಂಡು ಏಳುವ ಹೊತ್ತಿಗೆ ಕುಳ್ಳು ಬೂದಿಯಾಗಿತ್ತು. ಆಯಿ ಆಗ ಎಲೆ ಅಡಿಕೆಯನ್ನು ಅವನ ಕೈಗಿಟ್ಟಳು. ಊಟಕ್ಕಿಂತ ಮೊದಲು ಕೊಟ್ಟರೆ ಅಪ್ಪಣೆ. ಉಂಡ ಮೇಲೆ ಕೊಟ್ಟರೆ ಬೀಳ್ಕೊಡುಗೆ. ಅವನಿಗೂ ತಿಳಿಯಿತು. ನಕ್ಕು, ತಣ್ಣಗಾದ ಕಬ್ಬಿಣವನ್ನು ಹೆಗಲಿಗೇರಿಸಿ, "ಬರತೇನ್ರಿ ಅಮ್ಮಾರ, ರೊಟ್ಟಿ ಭಾಳ ಚಲೋ ಇದ್ವು," ಎಂದು ಹೊರಟ. ಯಾರ ಮುಖವೂ ಸಣ್ಣದಾಗಲಿಲ್ಲ.

ಮೋತ್ಯಾ ಮಳೆಗಾಲದಲ್ಲಿ ಎದ್ದಿತು. ಕುಡಿದವರಂತೆ ವಾಲುತ್ತ, ಒಂದು ಕಾಲು ಕೊನೆಯವರೆಗೂ ಎಳೆಯುತ್ತ, ಆದರೂ ತನ್ನ ಕಾಲ ಮೇಲೆ. ಮಾವ ಗುಳಿಗೆ ಎಂದ, ಆಯಿ ಅಂಗಾರ ಎಂದಳು, ಮಗ್ಗಲು ಮನೆಯವರು ಎಣ್ಣೆ ಎಂದರು. ನಾನು ರೋಣದ ಡಾಕ್ಟರರ ಕಡೆ. ಆದರೆ ಅದನ್ನು ಸಿದ್ಧ ಮಾಡಿ ತೋರಿಸು ಎಂದರೆ ಹೋಲಿಸಿ ನೋಡಲು ಇಂದಿಗೂ ನನ್ನಲ್ಲಿ ಇನ್ನೊಂದು ಮೋತ್ಯಾ ಇಲ್ಲ.

ಅಂದಿನ ಗೆಲುವು ನನ್ನ ಪ್ರಶ್ನೆಯದು ಎಂದು ಇಷ್ಟು ವರ್ಷ ಬೀಗಿದ್ದೇನೆ. ಮೊನ್ನೆ ಆ ಕಮ್ಮಾರನ ಹೊಗೆಯಲ್ಲಿ ನಿಂತಾಗ ಮಾತ್ರ ನೆನಪಾದದ್ದು ನನ್ನ ಪ್ರಶ್ನೆಯಲ್ಲ, ಅಂದು ಬರೆಯವನಿಗಾಗಿ ರೊಟ್ಟಿ ಬಡಿಯುವ ಸಪ್ಪಳ. ಈಗ ಯಾರಾದರೂ ಬೆಕ್ಕಿಗೋ ನಾಯಿಗೋ ಇಂಥ ಔಷಧ ಕೊಡಲೇ ಎಂದು ಕೇಳಿಕೊಂಡು ಬಂದರೆ, ಮೊದಲು ಒಳಗೆ ಕರೆದು ಕೂರಿಸುತ್ತೇನೆ. ಚಹಾ ಆದ ಮೇಲೆ, ಅದರಿಂದ ನೋವಾಗುತ್ತದೆಯೇ ಎಂದು ಕೇಳುತ್ತೇನೆ.

ಡಿಗ್ರಿಯೂ ಬಂತು. ಅದನ್ನು ತಂದ ದಿನ ದೊಡ್ಡಪ್ಪ ಕೊಟ್ಟಿಗೆಯಲ್ಲಿದ್ದರು. ಧೋತರಕ್ಕೆ ಕೈ ಒರೆಸಿಕೊಂಡು ಪ್ರಮಾಣಪತ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬೆಳಕಿಗೆ ಹಿಡಿದರು, ತಿರುಗಿಸಿ ಹಿಂಭಾಗವನ್ನೂ ನೋಡಿದರು. ಭೇಷ್ ಎನ್ನುತ್ತಾರೆಂದು ನಾನು ಕಾದೆ. ಅವರು ಗೋದಲಿಯ ಹತ್ತಿರ ಕಟ್ಟಿದ್ದ ಕರುವಿನ ಕಡೆ ಗದ್ದ ತೋರಿಸಿದರು.

"ಕರಾ ನಿನ್ನಿಯಿಂದ ಕುಂಟಾಕತ್ತೈತಿ, ತಮ್ಮಾ. ಬರಿ ಹಾಕ್ಸಂತಾರ ಎಲ್ಲಾರೂ. ನೀ ಏನ ಅಂತಿ?"