ಅಯ್ಯನವರು ಒಪ್ಪಿಕೊಂಡ ತಪ್ಪು

ಕಳೆದ ವಾರ ಹಳ್ಳಿಯವನೊಬ್ಬ ಸುದ್ದಿ ಕೊಡಲು ನಮ್ಮ ಪತ್ರಿಕಾಲಯಕ್ಕೆ ಮಳೆಯಲ್ಲಿ ನೆನೆದು ಬಂದ. ಹೊದ್ದಿದ್ದ ಕರಿ ಕಂಬಳಿಯನ್ನು ಹಿಂಡಿ ಬಾಗಿಲ ಮೇಲೆ ಹಾಕಿದ. ಸ್ವಲ್ಪ ಹೊತ್ತಿಗೆ ಹಸಿ ಉಣ್ಣೆಯ ವಾಸನೆ ಅಚ್ಚಿನ ಮಸಿಯ ವಾಸನೆಯನ್ನೂ ಮೀರಿ ಕೋಣೆ ತುಂಬಿತು. ಪಕ್ಕದ ಮೇಜಿನವರು ಮೂಗು ಮುಚ್ಚಿಕೊಂಡರು. ನಾನು ಕೈಯಲ್ಲಿದ್ದ ಕರಡನ್ನು ಕೆಳಗಿಟ್ಟೆ. ಕರಿ ಕೋಟಿನ ಮೇಲೆ ಚಳ್ಳಕೆರೆಯ ಕಂಬಳಿ ಹೊದ್ದು ಎತ್ತಿನ ಗಾಡಿಯಿಂದ ಇಳಿಯುತ್ತಿದ್ದ ಒಬ್ಬ ತರುಣ ಪಾದ್ರಿ ಕಣ್ಣ ಮುಂದೆ ನಿಂತಿದ್ದರು...

ಆಗ ನಾನು ಚಳ್ಳಕೆರೆಯಲ್ಲಿ ಶಾಲಾ ಮೇಷ್ಟ್ರು. ಒಂದು ವಾರಪತ್ರಿಕೆಗೆ ಊರ ಸುದ್ದಿಗಳನ್ನು ಬರೆದು ಕಳಿಸುತ್ತಿದ್ದೆ. ಆ ತರುಣ ಪಾದ್ರಿ ನಮ್ಮ ಪಕ್ಕದ ಮನೆಯವರು. ಎರಡು ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ, ಹಿಂದೆ ಒಂದೇ ಹಿತ್ತಿಲು. ಬೀದಿಯವರು ಅವರನ್ನು ಪಾದ್ರಿ ಎನ್ನುತ್ತಿದ್ದರು, ಅವರ ಕ್ರೈಸ್ತ ಸಭೆಯವರು ಅಯ್ಯನವರು ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವರಾದರೂ ನಾನು ಎರಡನೆಯದನ್ನೇ ರೂಢಿಸಿಕೊಂಡೆ.

ಅವರ ಪಾಲಿಗೆ ಎರಡು ಊರುಗಳಿದ್ದವು. ಒಂದು ಭಾನುವಾರ ಚಳ್ಳಕೆರೆಯ ಪ್ರಾರ್ಥನಾಮಂದಿರ, ಮರು ಭಾನುವಾರ ಮೊಳಕಾಲ್ಮೂರಿನದು. ಎರಡೂ ಮಣ್ಣಿನ ಮಾಳಿಗೆಯವೇ, ಎರಡೂ ಊರಾಚೆಯ ಕೇರಿಗೆ ಹತ್ತಿರದವೇ. ಸಭೆಗೆ ಬರುತ್ತಿದ್ದವರೂ ಆ ಕೇರಿಯವರೇ. ಮೊಳಕಾಲ್ಮೂರಿಗೆ ಹೊರಟರೆ ಹೋಗಿ ಬರುವುದಕ್ಕೇ ವಾರದ ಅರ್ಧ ಕಳೆಯುತ್ತಿತ್ತು. ಉಳಿದ ಅರ್ಧದಲ್ಲಿ ಕಾಯಿಲೆಯವರನ್ನು ನೋಡುವುದು, ಜಗಳ ಬಿಡಿಸುವುದು, ಮಕ್ಕಳಿಗೆ ಅಕ್ಷರ ಹೇಳಿಕೊಡುವುದು. ಮನೆಯಲ್ಲಿ ಹೆಂಡತಿ, ತಾಯಿ, ಆಗಷ್ಟೇ ನಡೆಯಲು ಕಲಿತಿದ್ದ ಮಗಳು. ಹೆಂಡತಿ ನಗುಮೊಗದ ಹೆಣ್ಣುಮಗಳು, ಆದರೆ ಮಾತಿನಲ್ಲಿ ಮುಳ್ಳಿರುತ್ತಿತ್ತು.

“ನೋಡಿ ಮೇಷ್ಟ್ರೇ, ನಿಮ್ಮ ಅಯ್ಯನೋರಿಗೆ ಚಳ್ಳಕೆರೆದು ಒಂದು ಪಾಳಿ, ಮೊಳಕಾಲ್ಮೂರಿಂದು ಒಂದು ಪಾಳಿ. ನಮ್ಮ ಪಾಳಿ ಯಾವ ವಾರ ಅಂತ ಸ್ವಲ್ಪ ಕೇಳಿ ಹೇಳ್ರಿ,” ಎಂದು ಒಮ್ಮೆ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಾ ಅಂದರು. ಅಯ್ಯನವರು ಅಲ್ಲೇ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದರು. ಮಗಳನ್ನು ಕೆಳಗಿಳಿಸಿ ಬಾವಿಯಿಂದ ಎರಡು ಕೊಡ ನೀರು ಸೇದಿಕೊಟ್ಟರು. ಗಂಡಸು ನೀರು ಸೇದುವುದನ್ನು ಬೀದಿಯವರು ನಿಂತು ನೋಡಿದರು.

ತಾಯಿಯ ವಿಷಯ ಬೇರೆ. ಅಯ್ಯನವರ ತಂದೆ ಮಡಿ-ಮೈಲಿಗೆಯ ಮನೆತನದಿಂದ ಕ್ರೈಸ್ತಮತಕ್ಕೆ ಬಂದವರು. ಗಂಡನ ಹಿಂದೆ ಆಕೆಯೂ ಬಂದಿದ್ದರು. ತವರಿನವರು ಅಂದೇ ಬಾಗಿಲು ಹಾಕಿಕೊಂಡಿದ್ದರು. ಗಂಡ ತೀರಿಕೊಂಡ ಮೇಲೆ ಮಗನೇ ಗತಿ. ಬೆಳಿಗ್ಗೆ ಎದ್ದು ಕ್ರಿಸ್ತನ ಪ್ರಾರ್ಥನೆಯನ್ನು ಮಗನಿಗಿಂತ ಚೆನ್ನಾಗಿ ಮಾಡುತ್ತಿದ್ದರು. ಆದರೆ ಅಡುಗೆಮನೆಯ ಹೊಸ್ತಿಲನ್ನು ಸಭೆಯವರು ಯಾರೂ ದಾಟುತ್ತಿರಲಿಲ್ಲ. ದಾಟಬೇಡಿ ಎಂದು ಆಕೆ ಹೇಳಿದ್ದನ್ನು ನಾನು ಕೇಳಿಲ್ಲ, ದಾಟಿದವರನ್ನೂ ನಾನು ಕಂಡಿಲ್ಲ. ಸಭೆಯವರಿಗೆ ಅದು ಗೊತ್ತಿತ್ತು. ಮುದುಕಿ, ಹೋಗಲಿ ಎಂದು ಸುಮ್ಮನಿದ್ದರು.

ಆ ವರ್ಷ ರಾಗಿ ಕೊಯ್ಲು ಮುಗಿದ ಮೇಲೆ ಅಯ್ಯನವರು ಪ್ರಾರ್ಥನಾಮಂದಿರದಲ್ಲಿ ಪ್ರೀತಿಭೋಜನ ಇಟ್ಟರು. ಸಭೆಯವರೆಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಊಟಕ್ಕೆ ಅವರಲ್ಲಿ ಆ ಹೆಸರು. ಚಳ್ಳಕೆರೆಯಲ್ಲಿ ಹಿಂದೆ ನಡೆದಿರಲಿಲ್ಲ. ವರದಿ ಮಾಡಲು ನನ್ನನ್ನೂ ಕರೆದಿದ್ದರು. ನಾನು ಬಾಗಿಲ ಬಳಿ ಕಂಬಕ್ಕೊರಗಿ ನಿಂತಿದ್ದೆ. ಮುದ್ದೆ, ಅವರೆಕಾಳಿನ ಸಾರು, ಬೆಲ್ಲದ ಪಾಯಸ. ಪ್ರತಿ ಎಲೆಯ ಪಕ್ಕದಲ್ಲೂ ನೀರಿಗೆ ಒಂದೊಂದು ಮಣ್ಣಿನ ಕುಡಿಕೆ ಇಟ್ಟಿದ್ದರು. ಅಯ್ಯನವರು, ಅವರ ಹೆಂಡತಿ, ಮಗಳು, ಎಲ್ಲರೂ ಕೇರಿಯವರ ನಡುವೆ ಕೂತಿದ್ದರು. ತಾಯಿ ಬಡಿಸುತ್ತಿದ್ದರು. ಅಯ್ಯನವರ ತಾಯಿಯೇ ಬಡಿಸುತ್ತಾರೆಂದು ಕೇರಿಯವರ ಮುಖ ಅರಳಿತ್ತು.

ಪಂಕ್ತಿಯ ಮೊದಲಿಗೆ ಕೂತಿದ್ದವಳು ಕೇರಿಯ ಅಜ್ಜಿ. ಆ ಕೇರಿಯಿಂದ ಮೊದಲು ಸಭೆಗೆ ಸೇರಿದವಳು ಅವಳೇ. ನಡು ಬಾಗಿದ್ದರೂ ನಾಲಿಗೆ ಬಾಗಿರಲಿಲ್ಲ. ಅವಳಿಗೆ ಬಿಕ್ಕಳಿಕೆ ಬಂತು, ನೀರು ಕೇಳಿದಳು. ತಾಯಿ ಚೆಂಬು ತಂದರು. ಬಗ್ಗಿ ಕುಡಿಕೆಗೆ ಹುಯ್ಯಬೇಕಿತ್ತು. ಆಕೆಯ ಕೈ ತಾನಾಗಿ ಮೇಲಕ್ಕೆ ಹೋಯಿತು, ಎದೆಯ ಮಟ್ಟಕ್ಕೆ. ಅಜ್ಜಿಯ ಎರಡು ಕೈಗಳೂ ತಾವಾಗಿ ಬೊಗಸೆಯಾಗಿ ಬಾಯಿಗೆ ಬಂದವು. ಮೇಲಿನಿಂದ ನೀರು ಬಿತ್ತು, ಅಜ್ಜಿ ಕುಡಿದಳು. ಇಬ್ಬರೂ ಹುಟ್ಟಿದಾಗಿನಿಂದ ನೋಡಿದ್ದು, ಮಾಡಿದ್ದು ಅದನ್ನೇ. ಯಾರೂ ಬೇಕೆಂದು ಮಾಡಲಿಲ್ಲ...

ಕುಡಿದಾದ ಮೇಲೆ ಅಜ್ಜಿ ತನ್ನ ಒದ್ದೆ ಕೈಗಳನ್ನು ನೋಡಿಕೊಂಡಳು. ಪಕ್ಕದ ಖಾಲಿ ಕುಡಿಕೆಯನ್ನು ನೋಡಿದಳು. ಕೈಯೂರಿ ಮೇಲೆದ್ದಳು.

“ಅಯ್ನೋರೆ, ಬೊಗಸೆಗೆ ಹುಯ್ಯೋ ನೀರು ಗೌಡ್ರ ಬಾಗ್ಲಾಗೂ ಸಿಗತೈತ್ರಿ. ಅದುಕ್ಕೆ ನಾವು ನಿಮ್ ತಾವ ಬರಬೇಕಿತ್ತಾ?”

ಅವಳ ಹಿಂದೆ ಅವಳ ಮಗ ಎದ್ದ, ಸೊಸೆ ಎದ್ದಳು, ಪಂಕ್ತಿಯೇ ಎದ್ದಿತು. ಯಾರೂ ಕೂಗಾಡಲಿಲ್ಲ. ಎಲೆಯಲ್ಲಿ ಮುದ್ದೆ ಹಾಗೇ ಇತ್ತು. ತಾಯಿ ಚೆಂಬು ಹಿಡಿದು ನಿಂತೇ ಇದ್ದರು.

ಮುಂದಿನ ಪಾಳಿಯ ಭಾನುವಾರ ಚಳ್ಳಕೆರೆಯ ಪ್ರಾರ್ಥನಾಮಂದಿರದಲ್ಲಿ ಅಯ್ಯನವರ ಮನೆಯವರನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವರು ಖಾಲಿ ಚಾಪೆಗಳಿಗೆ ಪೂರಾ ಪ್ರಾರ್ಥನೆ ಮಾಡಿ ಬಂದರು. ಸುದ್ದಿ ಮೊಳಕಾಲ್ಮೂರನ್ನೂ ಮುಟ್ಟಿ ಅಲ್ಲಿಯೂ ಜನ ಕಡಿಮೆಯಾದರು. ಕೇರಿಯವರು ಹೀಗೇ ದೂರ ಉಳಿದರೆ ಎರಡೂ ಊರುಗಳಲ್ಲಿ ಬಾಗಿಲು ಹಾಕಬೇಕು. ಅವರಿಗಾಗಿ ಹಳೆಯ ಮಡಿ ಬಿಡೆಂದು ತಾಯಿಯನ್ನು ಬಲವಂತ ಮಾಡಿದರೆ ಮನೆ ಒಡೆಯುತ್ತದೆ. ತವರು ಕಳೆದುಕೊಂಡ ಹೆಂಗಸು ಹೋಗುವುದಾದರೂ ಎಲ್ಲಿಗೆ? ಆ ದಿನಗಳಲ್ಲಿ ಅವರ ಮನೆಯ ಕಡೆಯಿಂದ ಮಗುವಿನ ಸದ್ದು ಬಿಟ್ಟು ಬೇರೆ ಸದ್ದು ಕೇಳುತ್ತಿರಲಿಲ್ಲ.

ಸುತ್ತಲಿನ ಊರುಗಳ ನಾಲ್ವರು ತರುಣ ಪಾದ್ರಿಗಳು ತಿಂಗಳಿಗೊಮ್ಮೆ ತಳಕಿನಲ್ಲಿ ಸೇರುವ ರೂಢಿ ಇಟ್ಟುಕೊಂಡಿದ್ದರು. ಅಯ್ಯನವರು ಮೊಳಕಾಲ್ಮೂರಿಗೆ ಹೋಗುವ ದಾರಿಯಲ್ಲಿ ಸಿಗುವ ಊರು ಅದು. ದೊಡ್ಡ ಪಾದ್ರಿಗಳಿಗೆ ಇದು ಗೊತ್ತಿತ್ತೋ ಇಲ್ಲವೋ, ಇವರಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಒಂದು ಅಂಗಡಿಯ ಜಗಲಿ, ಕಡಲೆಕಾಯಿ, ಬೆಲ್ಲ. ಅಲ್ಲಿ ಒಂದೇ ಕಟ್ಟಳೆ: ಯಾರೇ ಆಗಲಿ, ಮೊದಲು ತಾನು ಆ ತಿಂಗಳು ಮಾಡಿದ ತಪ್ಪನ್ನು ಹೇಳಬೇಕು. ಒಳ್ಳೆಯ ಸುದ್ದಿ ಏನಿದ್ದರೂ ಆಮೇಲೆ. ಆ ಸಲ ನನಗೂ ಮೊಳಕಾಲ್ಮೂರಿನಲ್ಲಿ ಕೆಲಸವಿದ್ದುದರಿಂದ ಅವರ ಗಾಡಿಯಲ್ಲೇ ಹೊರಟಿದ್ದೆ. ಜಗಲಿಯ ತುದಿಯಲ್ಲಿ ನನಗೂ ಜಾಗ ಸಿಕ್ಕಿತು.

ದಪ್ಪ ಮೈಯ ಒಬ್ಬರು ತಾವು ಒಂದು ಮದುವೆಯಲ್ಲಿ ಉಪದೇಶ ಉದ್ದ ಮಾಡಿ ವರನೇ ತೂಕಡಿಸಿದ್ದನ್ನು ಹೇಳಿದರು. ಎಲ್ಲರೂ ನಕ್ಕರು. ಆಮೇಲೆ ಅಯ್ಯನವರ ಸರದಿ. ಅವರು ನಗಲಿಲ್ಲ.

“ನಮ್ಮವ್ವ ಪಂಕ್ತೀಲಿ ಕೂತೋರಿಗೆ ಕೈಗೆ ನೀರು ಹುಯ್ದುಬಿಟ್ಲು. ಸಭೆ ಎದ್ದು ಹೋಯ್ತು,” ಎಂದು ನಡೆದದ್ದನ್ನೆಲ್ಲ ಹೇಳಿದರು.

ರಾಯದುರ್ಗದ ಕಡೆಯಿಂದ ಬಂದಿದ್ದ, ಅರ್ಧ ತೆಲುಗು ಅರ್ಧ ಕನ್ನಡದ ಪಾದ್ರಿ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದರು. “ಏಮಯ್ಯಾ, ನಿನ್ನ ತಪ್ಪು ಹೇಳು ಅಂದ್ರೆ ನಿಮ್ಮಮ್ಮನ ತಪ್ಪು ಹೇಳ್ತೀಯಲ್ಲ?”

“ವಯಸ್ಸಾದೋಳು. ಮರೆತು ಆಯ್ತು.”

“ಅದನ್ನೇ ನಾನೂ ಹೇಳ್ತಿರೋದು. ಆಕೆದು ಮರೆವು. ನಿಂದೇನು?”

ಅಯ್ಯನವರು ರಸ್ತೆಯ ಕಡೆ ತಿರುಗಿದರು. ಒಂದು ಕುರಿ ಹಿಂಡು ಧೂಳೆಬ್ಬಿಸಿಕೊಂಡು ದಾಟಿಹೋಯಿತು. ಯಾರೂ ಅವರನ್ನು ಅವಸರ ಮಾಡಲಿಲ್ಲ, ಯಾರೂ ಸಮಾಧಾನ ಹೇಳಲಿಲ್ಲ.

“ಅವ್ವ ಆ ಪಂಕ್ತೀಲಿ ಕೂರೋದಿಲ್ಲ ಅಂತ ನನಗೆ ಗೊತ್ತಿತ್ತು,” ಎಂದರು ಕೊನೆಗೆ. “ಕೂರೋದಿಲ್ಲ ಅನ್ನೋದು ಯಾರಿಗೂ ಕಾಣಬಾರದು ಅಂತ ಕೈಗೆ ಸೌಟು ಕೊಟ್ಟೆ. ಅವರು ಅದನ್ನ ಗೌರವ ಅಂದ್ಕೊಂಡ್ರು. ಹಾಗೇ ಅಂದ್ಕೊಳ್ಳಲಿ ಅಂತ ನಾನೂ ಬಿಟ್ಟೆ.”

“ಹಾಂ, ಈಗ ಹೇಳಿದಿ ನೋಡು,” ಎಂದರು ದಪ್ಪ ಮೈಯವರು. “ಲೇ, ಇದನ್ನ ನಮಗೆ ಹೇಳಿ ಏನು ಬಂತು? ಎದ್ದು ಹೋದೋರಿಗೆ ಹೇಳು.”

“ಅವ್ವನ ಎದುರಿಗಾ?”

ತೆಲುಗಿನವರು ತಲೆಯಾಡಿಸಿದರು. “ಮೊದಲು ಅಮ್ಮನಿಗೆ. ಆಮೇಲೆ ಅವರಿಗೆ.”

ಇಷ್ಟೇ ನಡೆದದ್ದು. ನಾನು ಆಮೇಲೆ ಬಹಳ ಸಭೆಗಳ ವರದಿ ಮಾಡಿದ್ದೇನೆ, ದೊಡ್ಡ ದೊಡ್ಡ ನಿರ್ಣಯಗಳನ್ನು ಬರೆದುಕೊಂಡಿದ್ದೇನೆ. ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಕೆಲಸ ನಡೆದದ್ದನ್ನು ಮತ್ತೆ ಕಂಡಿಲ್ಲ.

ಊರಿಗೆ ಮರಳಿದ ದಿನ ಸಂಜೆ ಹಿತ್ತಿಲಲ್ಲಿ ತಾಯಿ ನವಣೆ ಕೇರುತ್ತಿದ್ದರು. ಅಯ್ಯನವರು ಎದುರಿಗೆ ಕುಕ್ಕರಗಾಲಲ್ಲಿ ಕೂತು, ತಳಕಿನಲ್ಲಿ ಹೇಳಿದ್ದನ್ನೂ ಅದನ್ನೇ ಕೇರಿಯವರಿಗೂ ಹೇಳುತ್ತೇನೆಂಬುದನ್ನೂ ಹೇಳಿದರು. ನಮ್ಮ ಹಿಂಬಾಗಿಲ ಒಳಗಿದ್ದ ನನಗೆಲ್ಲ ಕೇಳುತ್ತಿತ್ತು. ಮೊರದ ಸದ್ದು ನಿಂತಿತು.

“ಸೌಟು ಕೊಟ್ಟಿದ್ದು ನನಗೆ ಮರ್ಯಾದೆ ಅಂದ್ಕೊಂಡಿದ್ದೆ ಕಣೋ,” ಎಂದರು ತಾಯಿ. ಮೊರವನ್ನು ಪಕ್ಕಕ್ಕಿಟ್ಟು, “ಹೇಳೋದಾದ್ರೆ ಹೇಳು. ನಾನಿಲ್ಲದಾಗ ಹೇಳು.”

“ನೀನಿಲ್ಲದಾಗ ಹೇಳಿದ್ರೆ ಚಾಡಿ ಆಗತೈತೆ ಅವ್ವ. ನೀನು ಬಾ ಅಂತ ನಾನು ಹೇಳೋದಿಲ್ಲ. ಪಂಕ್ತೀಲಿ ಕೂರು ಅಂತಲೂ ಇನ್ನು ಯಾವತ್ತೂ ಹೇಳೋದಿಲ್ಲ. ಆದ್ರೆ ಕದ್ದು ಹೇಳೋದಿಲ್ಲ.”

ಆ ಭಾನುವಾರ ಅವರು ಪ್ರಾರ್ಥನಾಮಂದಿರದ ಬಾಗಿಲು ತೆರೆಯಲಿಲ್ಲ. ಕೋಟು ತೊಟ್ಟು ನೇರ ಕೇರಿಗೆ ನಡೆದರು. ಹೆಂಡತಿ ಮಗಳನ್ನೆತ್ತಿಕೊಂಡು ಜೊತೆಗೆ ಹೊರಟರು. ನಾನೂ ಹಿಂದೆ ಹೋದೆ. ಕೇರಿಯ ಬೇವಿನ ಮರದ ಕೆಳಗೆ ಜನ ಕೂತಿದ್ದರು. ಅಯ್ಯನವರು ತಳಕಿನಲ್ಲಿ ಹೇಳಿದಷ್ಟನ್ನೇ ಹೇಳಿದರು. ಶಾಸ್ತ್ರವಾಕ್ಯ ಹೇಳಲಿಲ್ಲ, ಕಣ್ಣೀರು ಹಾಕಲಿಲ್ಲ. “ತಪ್ಪು ನಮ್ಮವ್ವನದಲ್ಲ, ನನ್ನದು,” ಎನ್ನುವಾಗ ಮಾತ್ರ ದನಿ ಸ್ವಲ್ಪ ತಗ್ಗಿತು. ಆಗಲೇ ಕೆಲವರ ಕಣ್ಣು ಅವರ ಹಿಂದಕ್ಕೆ ಹೋಯಿತು. ತಿರುಗಿ ನೋಡಿದರೆ ತಾಯಿ. ಯಾವಾಗ ಬಂದರೋ... ಮರದ ನೆರಳಿನಾಚೆ ಬಿಸಿಲಿನಲ್ಲಿ ತಲೆಗೆ ಸೆರಗು ಹೊದ್ದು ನಿಂತಿದ್ದರು.

ಅಜ್ಜಿ ಅಯ್ಯನವರನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು.

“ಇಷ್ಟು ಹೇಳಾಕೆ ಈ ಬಿಸ್ಲಾಗೆ ಕೋಟು ಯಾಕ್ರಿ ಅಯ್ನೋರೆ? ಬೆವತು ನೀರಾಗೀರಿ.”

ಜನ ಗೊಳ್ಳೆಂದು ನಕ್ಕರು. ಅಯ್ಯನವರ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕರು. ಅಜ್ಜಿ ನಗಲಿಲ್ಲ. ತಾಯಿಯ ಕಡೆ ತಿರುಗಿದಳು.

“ಯಕ್ಕಾ, ಅಲ್ಯಾಕೆ ನಿಂತೀ? ತಲೆ ಸುಡತೈತೆ. ನೆಳ್ಳಿಗೆ ಬಾ.”

ತಾಯಿ ಒಂದು ಗಳಿಗೆ ಅಲ್ಲೇ ನಿಂತಿದ್ದರು. ಆಮೇಲೆ ನೆರಳಿಗೆ ಬಂದರು. ಅಷ್ಟೇ. ಅಂದು ಯಾರೂ ಯಾರಿಗೂ ನೀರು ಕೊಡಲಿಲ್ಲ, ಯಾರೂ ಕೇಳಲಿಲ್ಲ. ಮುಂದಿನ ಪಾಳಿಗೆ ಚಳ್ಳಕೆರೆಯ ಚಾಪೆಗಳು ತುಂಬಿದ್ದವು. ಅಯ್ಯನವರು ಹೀಗೆ ಒಪ್ಪಿಕೊಂಡರೆಂದು ಮೊಳಕಾಲ್ಮೂರಿನಲ್ಲಿ ಯಾರು ಹೇಳಿದರೋ, ಅಲ್ಲಿ ಮೊದಲಿಗಿಂತ ಹೆಚ್ಚು ಜನ ಬಂದರೆಂದು ಗಾಡಿಯವನು ಬೀದಿಗೆಲ್ಲ ಸಾರಿದ. ನಮ್ಮ ಬೀದಿಯಲ್ಲಿ ಅಂದಿನಿಂದ ಪಾದ್ರಿ ಎಂಬ ಮಾತು ಕಡಿಮೆಯಾಗಿ ಅಯ್ಯನವರು ಎಂಬುದೇ ನಿಂತಿತು. “ನಮ್ಮ ಬೀದಿ ಅಯ್ನೋರು” ಎಂದು ಸಂತೆಯಲ್ಲಿ ಬೇರೆ ಊರಿನವರ ಮುಂದೆ ಹೇಳಿಕೊಂಡವರನ್ನು ನಾನೇ ಕೇಳಿದ್ದೇನೆ.

ಮರುವರ್ಷ ಮತ್ತೆ ಪ್ರೀತಿಭೋಜನವಾಯಿತು. ಈ ಸಲ ಅಯ್ಯನವರೇ ನಡುವಿಗೆ ಟವೆಲು ಕಟ್ಟಿಕೊಂಡು ಬಡಿಸುತ್ತಿದ್ದರು. ತಾಯಿ ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಎಲೆ ಹಾಕಿ ಮುಗಿದ ಮೇಲೆ ಬಂದು, ಅಜ್ಜಿಯ ಪಕ್ಕದಲ್ಲಿ ಗೋಡೆಗೆ ಒತ್ತಿ ಕೂತರು. ಅಜ್ಜಿ ಸ್ವಲ್ಪ ಸರಿದು ಜಾಗ ಮಾಡಿದಳು. ಅಯ್ಯನವರು ತಾಯಿಯ ಮುಂದೆ ಎಲೆ ಹಾಕಿದರು, ಎಲ್ಲರಿಗೂ ಬಡಿಸಿದ್ದನ್ನೇ ಬಡಿಸಿದರು. ನಾನು ಕಂಬದ ಬಳಿಯಿಂದ ಒಂದು ಹೆಜ್ಜೆ ಮುಂದೆ ಬಂದಿದ್ದೆ. ಆಕೆ ಉಣ್ಣುತ್ತಾರೋ ಇಲ್ಲವೋ ನೋಡುವುದು ನನ್ನ ಕೆಲಸ ಎಂದುಕೊಂಡಿದ್ದೆ.

ಅಯ್ಯನವರು ಸೌಟನ್ನು ಹೆಂಡತಿಯ ಕೈಗೆ ಕೊಟ್ಟು ನೇರ ನನ್ನ ಬಳಿ ಬಂದರು. ಹೆಗಲ ಮೇಲೆ ಕೈ ಹಾಕಿದರು. “ಬನ್ನಿ ಮೇಷ್ಟ್ರೇ, ಗಾಡಿ ಚಕ್ರ ಯಾಕೋ ಸದ್ದು ಮಾಡ್ತೈತೆ. ಒಂದಿಷ್ಟು ನೋಡೋಣ.” ಚಕ್ರಕ್ಕೆ ಏನೂ ಆಗಿರಲಿಲ್ಲ. ಒಳಗೆ ಊಟ ಮುಗಿಯುವವರೆಗೂ ಅವರು ಅದರ ಪಕ್ಕದಲ್ಲಿ ಕೂತು ಮಳೆ, ಬೆಳೆ, ಮಗಳ ಹಲ್ಲು ಎಂದು ನನ್ನ ಜೊತೆ ಮಾತಾಡುತ್ತಲೇ ಇದ್ದರು. ಒಮ್ಮೆಯೂ ಬಾಗಿಲ ಕಡೆ ತಿರುಗಲಿಲ್ಲ. ತಾವೂ ನೋಡಲಿಲ್ಲ, ನನ್ನನ್ನೂ ನೋಡಗೊಡಲಿಲ್ಲ.

ಆದ್ದರಿಂದ ಒಳಗೆ ಏನಾಯಿತೆಂದು ನಾನು ಬರೆಯಲಾರೆ. ಕಾಣದ್ದನ್ನು ಬರೆಯುವ ಅಭ್ಯಾಸ ನನಗಿಲ್ಲ.

ಕೆಲವು ವರ್ಷಗಳ ಮೇಲೆ ನಾನು ಮೇಷ್ಟ್ರ ಕೆಲಸ ಬಿಟ್ಟು ಪತ್ರಿಕೆ ಸೇರಿ ಬೆಂಗಳೂರಿಗೆ ಬಂದೆ. ಅಯ್ಯನವರು ಅಲ್ಲೇ ಉಳಿದರು. ತಲೆ ನರೆಯುವ ಮೊದಲೇ, ಮೊಳಕಾಲ್ಮೂರಿನ ಪಾಳಿ ಮುಗಿಸಿ ಬರುವಾಗ ಹಿಡಿದ ಜ್ವರ ಅವರನ್ನು ಬಿಡಲಿಲ್ಲ. ಮರಣವಾರ್ತೆಯನ್ನು ನಾನೇ ಬರೆದೆ. ಎರಡು ಸಾಲಿಗಿಂತ ಹೆಚ್ಚು ಜಾಗ ಸಿಗಲಿಲ್ಲ. ಊರಿಗೆ ಹೋದಾಗ ತಾಯಿ ಜಗಲಿಯಲ್ಲಿ ಕೂತಿದ್ದರು. ಅಜ್ಜಿಯೂ ಅಲ್ಲೇ ಇದ್ದಳು, ಇನ್ನಷ್ಟು ಬಾಗಿದ್ದಳು. ಇಬ್ಬರೂ ಒಂದೇ ರಸ್ತೆಯನ್ನು ನೋಡುತ್ತಿದ್ದರು. ಆ ಪ್ರೀತಿಭೋಜನದ ದಿನ ಉಂಡಿರಾ ಎಂದು ಕೇಳುವುದು ನನ್ನ ಬಾಯಿಗೆ ಬಂದಿತ್ತು. ಕೇಳಲಿಲ್ಲ.

ಈಗ ಆ ಇಬ್ಬರೂ ಇಲ್ಲ, ಅಯ್ಯನವರ ಹೆಂಡತಿಯೂ ಇಲ್ಲ. ಆಗಷ್ಟೇ ನಡೆಯಲು ಕಲಿತಿದ್ದ ಮಗಳಿಗೆ ಆ ದಿನಗಳ ನೆನಪಿರಲಾರದು. ತಳಕಿನ ಜಗಲಿಯ ಮೇಲೆ ಕಡಲೆಕಾಯಿ ಸುಲಿದವರಲ್ಲಿ ಯಾರು ಎಲ್ಲಿದ್ದಾರೋ ತಿಳಿಯದು. ಒಂದು ಕಾಲದಲ್ಲಿ ಇಂಥವರ ಪಕ್ಕದ ಮನೆಯಲ್ಲಿದ್ದೆ ಎನ್ನುವುದಕ್ಕಿಂತ ದೊಡ್ಡ ಹೆಮ್ಮೆ ನನಗೆ ಬೇರೆ ಇಲ್ಲ. ಮೊನ್ನೆ ಪಕ್ಕದ ಮೇಜಿನವರಿಗೆ ಹೇಳಹೊರಟೆ. ಯಾವ ಅಯ್ಯನವರು ಎಂದು ಅವರು ಕೇಳಿದರು. ನಮ್ಮ ಬೀದಿಯವರು ಎಂದೆ. ಆ ಬೀದಿಯಲ್ಲಿ ಆಗ ಇದ್ದವರೆಲ್ಲರನ್ನೂ ಮನಸ್ಸಿನಲ್ಲೇ ಒಬ್ಬೊಬ್ಬರಾಗಿ ನೆನೆದುಕೊಂಡೆ. ಹೌದು, ನಮ್ಮ ಅಯ್ನೋರು ಹಾಗೇ ಇದ್ದರು ಎನ್ನುವುದಕ್ಕೆ ನನ್ನನ್ನು ಬಿಟ್ಟು ಒಬ್ಬರೂ ಉಳಿದಿಲ್ಲ.