ಮಡಿವಾಳೆಪ್ಪನಿಗೆ ಅಂಟಿದ ಇಂಗ್ಲಿಷ್ ಬೈಗುಳ

ಕುಂದಗೋಳದ ಹೈಸ್ಕೂಲಿನ ಸಿಪಾಯಿ ಮಡಿವಾಳೆಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು. ಆ ಸಿಟ್ಟು ಎಲ್ಲಿಂದ ಬಂತೆಂದು ಮಾತ್ರ ಒಬ್ಬರೂ ಕೇಳಲಿಲ್ಲ. ಹಲ್ಲು ಕಡಿಯುತ್ತಲೇ ಯಾರೂ ಹುಟ್ಟುವುದಿಲ್ಲ.

ಅರವತ್ತೊಂದನೆಯ ಇಸವಿಯಲ್ಲಿ ಶಾಲೆಗೆ ಇನ್‌ಸ್ಪೆಕ್ಟರರು ಬಂದಿದ್ದರು. ಆಫೀಸಿನ ಗಡಿಯಾರ ನಿಂತು ತಿಂಗಳಾಗಿತ್ತು. ರಿಪೇರಿ ಮಾಡಿಸಿರೆಂದು ಮಡಿವಾಳೆಪ್ಪ ಮೂರು ಸಲ ಹೇಳಿ ಸುಮ್ಮನಾಗಿದ್ದ. ಸಂಜೆಯ ಗಂಟೆಯನ್ನು ಹುಬ್ಬಳ್ಳಿ ಪ್ಯಾಸೆಂಜರಿನ ಸೀಟಿ ಕೇಳಿ ಬಾರಿಸುತ್ತಿದ್ದ. ಅಂದು ಮುಕ್ಕಾಲು ತಾಸು ಮೊದಲೇ ಯಾವುದೋ ಮಾಲುಗಾಡಿ ಸೀಟಿ ಹಾಕಿತು. ಇವನು ಗಂಟೆ ಬಾರಿಸಿದ. ಇನ್‌ಸ್ಪೆಕ್ಟರರು ಪ್ರಶ್ನೆ ಕೇಳುತ್ತಿದ್ದಂತೆಯೇ ಹುಡುಗರು ಪುಸ್ತಕ ಎತ್ತಿಕೊಂಡು ಓಡಿದರು. ಹೆಡ್‌ಮಾಸ್ತರ ಕೃಷ್ಣಾಜಿಯವರು ಪಡಸಾಲೆಗೆ ಬಂದು, "ಯೂ ನಿಂಕಂಪೂಪ್!" ಎಂದು ಕೂಗಿದರು. ಇನ್‌ಸ್ಪೆಕ್ಟರರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮೇಲಿನವರನ್ನು ನಗಿಸಿದ ಮಾತನ್ನು ಕೃಷ್ಣಾಜಿಯವರು ಕೈಬಿಟ್ಟಾರೆಯೇ? ಚಹಾ ತಡವಾದರೆ ನಿಂಕಂಪೂಪ್, ಬೋರ್ಡಿಗೆ ಬರೆಯುವ ಖಡು ಸಿಗದಿದ್ದರೆ ನಿಂಕಂಪೂಪ್. ಅದನ್ನು ಹುಡುಗರು ಹಿಡಿದರು, ಹುಡುಗರಿಂದ ಓಣಿ ಹಿಡಿಯಿತು. ವರ್ಷದೊಳಗೆ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಬಾಷಾಬಿಯೂ "ಬಾ ನಿಂಕಂಪೂಪಣ್ಣಾ" ಎಂದು ಕರೆಯತೊಡಗಿದಳು. ಅರ್ಥ ಯಾರಿಗೂ ಗೊತ್ತಿರಲಿಲ್ಲ. ಮಡಿವಾಳೆಪ್ಪ ಒಮ್ಮೆ ಕೇಳಿದ್ದಕ್ಕೆ ಕೃಷ್ಣಾಜಿಯವರು, "ಪ್ರೀತೀಲೆ ಅಂತೀನಲೇ," ಎಂದು ನಕ್ಕುಬಿಟ್ಟರು. ಬೈಸಿಕೊಂಡವನಿಗೆ ಅರ್ಥವೇ ಬೇಕಿಲ್ಲ, ಬೈದವರ ಮುಖ ನೋಡಿದರೆ ಸಾಕು.

ನಮ್ಮ ಕಡೆ ಅಡ್ಡಹೆಸರು ಹುಟ್ಟುವುದೂ ಹೀಗೆಯೇ. ಅಜ್ಜ ಬೆಲ್ಲ ಮಾರಿದರೆ ಮೊಮ್ಮಗ ಬೆಲ್ಲದ. ಯಾರೋ ಉಳ್ಳಾಗಡ್ಡಿ ಬೆಳೆದರೆ ಮನೆತನವೇ ಉಳ್ಳಾಗಡ್ಡಿ. ಅರವತ್ತೈದರಲ್ಲಿ ಮಡಿವಾಳೆಪ್ಪನ ಹೆಂಡತಿ ಶಾರದವ್ವ ಮಗಳು ಶಿವಗಂಗಾಳನ್ನು ಒಂದನೆಯ ಇಯತ್ತೆಗೆ ಸೇರಿಸಲು ಹೋದಳು. ಪರವೂರಿನಿಂದ ಬಂದ ಮಾಸ್ತರರು ಅಡ್ಡಹೆಸರು ಕೇಳಿದರು. ಆಕೆ ಬಾಯಿ ತೆರೆಯುವ ಮೊದಲೇ ಹಿಂದೆ ನಿಂತವರು ಹೇಳಿಬಿಟ್ಟರು. ಮಾಸ್ತರರು ಹುಬ್ಬೂ ಏರಿಸದೆ ಬರೆದುಕೊಂಡರು. ಇಂಥ ಎಷ್ಟೋ ಹೆಸರುಗಳನ್ನು ಅವರು ಆ ಮುಂಜಾನೆಯೇ ಬರೆದಿದ್ದರು. ಓದು ಬಾರದ ಶಾರದವ್ವ, ಜನ ಚ್ಯಾಷ್ಟಿ ಮಾಡಿದರೆಂದುಕೊಂಡು ಮನೆಗೆ ಬಂದಳು.

ಹತ್ತು ವರ್ಷ ಆ ಹೆಸರು ರಿಜಿಸ್ಟರಿನಲ್ಲಿ ತಣ್ಣಗೆ ಕೂತಿತ್ತು. ಮಗಳಿಗೆ ಗೊತ್ತಾಗಿತ್ತು, ಅಪ್ಪನ ಸಿಟ್ಟಿಗೆ ಹೆದರಿ ಬಾಯಿ ಬಿಟ್ಟಿರಲಿಲ್ಲ. ಎಪ್ಪತ್ತೈದರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿಗೆ ಸಹಿ ಹಾಕಿಸಿಕೊಳ್ಳಲು ಗುಮಾಸ್ತ ಪಂಢರಿನಾಥ ವರ್ಗದಲ್ಲಿ ಒಂದೊಂದೇ ಹೆಸರು ಕೂಗುತ್ತಿದ್ದ.

"ಶಿವಗಂಗಾ ಮಡಿವಾಳೆಪ್ಪ ನಿಂಕಂಪೂಪ್!"

ಇಡೀ ವರ್ಗ ನಕ್ಕಿತು. ಚಹಾ ತಂದು ಬಾಗಿಲಲ್ಲಿ ನಿಂತಿದ್ದ ಮಡಿವಾಳೆಪ್ಪನ ಕಿವಿಗೂ ಅದು ಬಿತ್ತು. ಮಗಳು ತಲೆ ತಗ್ಗಿಸಿಕೊಂಡೇ ಪೆನ್ನು ಎತ್ತಿದಳು. ಆ ತಗ್ಗಿದ ತಲೆ ನೋಡಿ ಅವನ ಅಂಗಾಲಿನ ಉರಿ ನೆತ್ತಿಗೇರಿತು. ತನ್ನನ್ನು ಅಂದದ್ದನ್ನು ನುಂಗಿದ್ದ, ಇದನ್ನು ನುಂಗಲಾರ. ಚಹಾ ಅಲ್ಲೇ ಕುಕ್ಕಿ, ಅರ್ಜಿ ಕಿತ್ತುಕೊಂಡು, ಮಗಳ ಕೈ ಹಿಡಿದು ಸೀದಾ ಹೆಡ್‌ಮಾಸ್ತರರ ಖೋಲಿಗೆ ನುಗ್ಗಿದ.

"ಇದರ ಅರ್ಥ ಏನ್ರಿ ಸರ? ಇವತ್ತ ಹೇಳ್ರಿ."

ಕೃಷ್ಣಾಜಿಯವರು ಓದಿ ನೋಡಿದರು. "ಹಳೇ ಕಾಲದ ಇಂಗ್ರೇಜಿ ಮಾತಲೇ. ದಡ್ಡ, ಹೆಡ್ಡ ಅಂತ. ನಗಸ್ಲಿಕ್ಕೆ ಅಂತಾರ."

"ನಾ ಒಂದ ದಿನಾನೂ ನಕ್ಕಿಲ್ಲರಿ."

"ಅರ್ಜಿ ಇವತ್ತೇ ಟಪಾಲಿಗೆ ಹೋಗಬೇಕು. ನಾಳೆ ಮದುವಿ ಆದ್ರ ಹೆಸರು ತಾನೇ ಬದಲಾಗ್ತದ, ಹೋಗು."

"ಮದುವಿ ಆಗೂಮಟಾ ನನ್ನ ಮಗಳು ದಡ್ಡಿ ಅಂತ ಬರಸ್ಕೊಂಡು ತಿರಗಬೇಕೇನ್ರಿ? ವರ್ಗಕ್ಕ ಮೊದಲನೇ ನಂಬರ ಅದಾಳ್ರಿ ಆಕಿ! ನೀವ ಇಟ್ಟ ಹೆಸರು, ನೀವ ತಗೀರಿ. ಅಲ್ಲೀಮಟಾ ನಾ ಇಲ್ಲಿಂದ ಕದಲಂಗಿಲ್ಲ."

ಅವನ ದನಿಗೆ ಪಕ್ಕದ ವರ್ಗಗಳೆಲ್ಲ ಸ್ತಬ್ಧವಾದವು. ಕೃಷ್ಣಾಜಿಯವರು ಪೆನ್ನು ತೆರೆದು ಆ ಹೆಸರಿನ ಮೇಲೆ ಗೆರೆ ಎಳೆದರು. ಆಮೇಲೆ ತಲೆ ಎತ್ತಿ, "ನಿನ್ನ ಖರೇ ಅಡ್ಡಹೆಸರೇನಲೇ?" ಎಂದು ಕೇಳಿದರು.

ಹದಿನಾಲ್ಕು ವರ್ಷ ದಿನಕ್ಕೆ ನಾಲ್ಕು ಸಲ ಇವನ ಕೈಯ ಚಹಾ ಕುಡಿದ ಮನುಷ್ಯ ಈ ಪ್ರಶ್ನೆ ಕೇಳಿದ್ದು ಇದೇ ಮೊದಲು. ಮಡಿವಾಳೆಪ್ಪ ಮಗಳ ಕಡೆ ತಿರುಗಿದ.

"ಹುಣಸೀಕಟ್ಟಿ ಅಂತರಿ," ಎಂದಳು ಮಗಳು.

ಕೃಷ್ಣಾಜಿಯವರು ಬರೆದು, ಸಹಿ ಹಾಕಿ, ಶಿಕ್ಕಾ ಒತ್ತಿದರು. ಮಡಿವಾಳೆಪ್ಪ ಅದನ್ನು ಮಗಳಿಂದ ಎರಡು ಸಲ ಓದಿಸಿ ಕೇಳಿದ.

"ಆತಲ್ಲ? ಇನ್ನರ ಸಿಟ್ಟು ಬಿಡು," ಎಂದರು ಕೃಷ್ಣಾಜಿಯವರು.

"ಆಕೀದು ಆತ್ರಿ. ನಂದು?"

ಮಸಿ ಆಗಲೇ ಒಣಗಿತ್ತು. ಆದರೂ ಕೃಷ್ಣಾಜಿಯವರು ಆ ಅರ್ಜಿಯ ಮೇಲೆ ಬ್ಲಾಟಿಂಗ್ ಪೇಪರ್ ಒತ್ತುತ್ತಲೇ ಕೂತರು.